ಕೇಳಿ ತಂದ ಬಣ್ಣ

ಅವತ್ತು ಮುಂಜಾನೆ ಬಿಸಿಲೂ ಮಳೆಯೂ ಒಟ್ಟಿಗೇ ಬಿದ್ದವು. ಹನಿ ಸಣ್ಣವು, ಬಿಸಿಲು ಎಳೆಯದು. ಹೆಗಲ ಮೇಲೆ ಕೈಹಾಕಿಕೊಂಡ ಗೆಳೆಯರಂತೆ ಎರಡೂ ನಮ್ಮ ಓಣಿಯೊಳಗೆ ನಡೆದುಬಂದವು. "ಕಾಗಿಗೂ ನರಿಗೂ ಮದುವಿ! ಕಾಗಿಗೂ ನರಿಗೂ ಮದುವಿ!" ಎಂದು ಕೂಗುತ್ತ ಓಣಿಯ ಮಕ್ಕಳೆಲ್ಲ ಹೊರಗೆ ಬಂದು ಬಾಯಿ ತೆರೆದು ಹನಿ ಹಿಡಿಯತೊಡಗಿದವು. ನನಗೂ ನೋಡಬೇಕೆನಿಸಿತು. ಪೂಜೆ ಮುಗಿಸಿ ಎದ್ದವನು ಹಾಗೆಯೇ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಕೂತದ್ದಷ್ಟೇ. ಒಂದು ಮಗು ನನ್ನ ಕಡೆ ನೋಡಿತು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿತು. ಅದನ್ನು ನೋಡಿ ಇನ್ನೊಂದು ಮುಚ್ಚಿಕೊಂಡಿತು. ರೆಪ್ಪೆ ಬಡಿಯುವಷ್ಟರಲ್ಲಿ ಓಣಿ ಖಾಲಿ. ಬಿಸಿಲು, ಮಳೆ ಮತ್ತು ನಾನು ಉಳಿದೆವು.

ನಾನು ಮೌನಪ್ಪ, ಅಕ್ಕಸಾಲಿಗ. ನಲವತ್ತು ವರ್ಷದಿಂದ ಈ ಊರಿನ ಮಕ್ಕಳ ಕಿವಿ ಚುಚ್ಚುತ್ತ ಬಂದವನು. ಈಗ ಬೆಳೆದು ನಿಂತವರ ಕಿವಿಯಲ್ಲಿ ತೂತಿದ್ದರೆ ಅದು ನನ್ನ ಕೈಯದೇ. ದೊಡ್ಡವರಾದ ಮೇಲೆ ಅವರೆಲ್ಲ ನನಗೆ ಕೈಮುಗಿಯುತ್ತಾರೆ, ಮದುವೆಗೆ ಕರೆಯುತ್ತಾರೆ, ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿಸುತ್ತಾರೆ. ಆದರೆ ಏಳು ವರ್ಷ ತುಂಬುವ ತನಕ ಯಾವ ಮಗುವೂ ನನ್ನ ನೆರಳು ತುಳಿಯುವುದಿಲ್ಲ. ಅಳುವ ಮಗುವಿಗೆ ತಾಯಂದಿರು ಗುಮ್ಮನ ಹೆಸರು ಹೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. "ಮೌನಪ್ಪಜ್ಜ ಬಂದಾ" ಎಂದರೆ ಸಾಕು, ಉಣ್ಣದ ಮಗು ಉಣ್ಣುತ್ತದೆ.

ಊರಿನ ಮಕ್ಕಳು ಹೆದರಿದರೆ ಹೆದರಲಿ ಎಂದು ಸುಮ್ಮನಿದ್ದೆ. ಆದರೆ ನಮ್ಮ ಮನೆಯಲ್ಲೇ ಮಾಣಿಕ ಇದ್ದಾಳೆ, ನನ್ನ ಮಗನ ಮಗಳು, ನಾಲ್ಕೂವರೆ ವರ್ಷದವಳು. ಹುಟ್ಟಿದ ವರ್ಷ ಮೈ ಹುಷಾರಿಲ್ಲವೆಂದು ಅವಳ ಕಿವಿ ಚುಚ್ಚುವುದನ್ನು ಮುಂದೆ ಹಾಕಿದೆವು, ಮೂರು ತುಂಬಿದ ಮೇಲೆ ಚುಚ್ಚಿದೆ. ಕೂಸಾಗಿದ್ದಾಗ ಚುಚ್ಚಿದ್ದರೆ ಮರೆಯುತ್ತಿದ್ದಳೇನೋ. ಮೂರು ವರ್ಷದ ಮಗು ಏನನ್ನೂ ಮರೆಯುವುದಿಲ್ಲ. ಅಂದಿನಿಂದ ಅವಳು ನನ್ನ ಹತ್ತಿರ ಬಂದವಳಲ್ಲ. ನಾನು ಪಡಸಾಲೆಯಲ್ಲಿದ್ದರೆ ಅವಳು ಅಡುಗೆಮನೆಯಲ್ಲಿ. ನಾನು ಅಡುಗೆಮನೆಗೆ ಹೋದರೆ ಅವಳು ಜೋಳ ತುಂಬಿಡುವ ವಾಡೆಯ ಹಿಂದೆ. ಕಾಳಮ್ಮನ ಗುಡಿಯಿಂದ ತಂದ ಪ್ರಸಾದವನ್ನು ಅವಳ ತಾಯಿಯ ಕೈಗೆ ಕೊಡುತ್ತೇನೆ, ತಾಯಿ ಅವಳಿಗೆ ಕೊಡುತ್ತಾಳೆ. ಒಂದೇ ಸೂರಿನ ಕೆಳಗೆ ಒಂದೂವರೆ ವರ್ಷ ಹೀಗೆ ನಡೆಯಿತು.

ಆ ಮುಂಜಾನೆ ಖಾಲಿ ಓಣಿ ನೋಡುತ್ತ ಕೂತಿದ್ದಾಗ ಸೊಸೆ ರುಕ್ಕವ್ವ ಬಾಗಿಲಿಗೆ ಬಂದು ನಿಂತಳು. "ಮಾವಾರ, ಕೇಳಿದ್ರೇನು? ಸಾವಂತ್ರೆವ್ವಾಯಿ ಕೈ ನಡಗಾಕತ್ತೈತಂತ. ಈ ಸಲ ಎಳೆಮಕ್ಕಳ ಪಂಚಮಿಗೆ ಮಕ್ಕಳ ಮುಖದ ಮ್ಯಾಲ ಬಣ್ಣ ಬರಿಯೋರು ಯಾರೋ ಏನೋ."

"ನಾ ಕಲೀಲೇನು?" ಎಂದೆ. ಎಲ್ಲಿಂದ ಬಂತೋ ಆ ಮಾತು, ತಾಯಿ ಕಾಳಮ್ಮನಿಗೇ ಗೊತ್ತು.

ರುಕ್ಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಆದರೂ ಕಣ್ಣಿನಿಂದ ಸುರಿಯಿತು. "ಕಲೀರಿ ಮಾವಾರ. ಆದ್ರ ಮಕ್ಕಳು ಕುಂದ್ರಬೇಕಲ್ರಿ!"

ನಮ್ಮೂರಿನಲ್ಲಿ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಕೇಳಿ ತರಬೇಕು. ಹಸಿರು ಬೇಕಾದರೆ ಗಿಳಿಯ ಮುಂದೆ, ಕೆಂಪು ಬೇಕಾದರೆ ದಾಸವಾಳದ ಮುಂದೆ ನೀರು ತುಂಬಿದ ಬಟ್ಟಲು ಹಿಡಿದು, ತಲೆ ಬಾಗಿಸಿ ಕೇಳಿದರೆ ಬಟ್ಟಲಿನ ನೀರು ನಿಧಾನವಾಗಿ ಬಣ್ಣ ಕಟ್ಟಿ ಎಣ್ಣೆಯಷ್ಟು ಮಂದವಾಗುತ್ತದೆ. ಕೊಟ್ಟವರು ಅಷ್ಟು ಹೊತ್ತು ಬೂದಿ ಬಣ್ಣಕ್ಕೆ ತಿರುಗಿ ಕಾಯುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಹಚ್ಚಿಕೊಂಡವರು ತೊಳೆದ ನೀರನ್ನು ತಾವೇ ಒಯ್ದು ತಮ್ಮ ಕೈಯಾರೆ ಹಿಂದಕ್ಕೆ ಕೊಡಬೇಕು. ಗಿಡವಾದರೆ ಬುಡಕ್ಕೆ ಹೊಯ್ಯುವುದು, ಹಕ್ಕಿಯಾದರೆ ಗರಿಗೆ ಒದ್ದೆ ಬೆರಳು ತಾಗಿಸುವುದು. ಕೊಟ್ಟವರು ಮಾತ್ರ ಎಂದೂ ಬಾಯಿಬಿಟ್ಟು ಕೇಳುವುದಿಲ್ಲ. ಯಾವ ಹೂವು ತಾನೇ ಕೇಳೀತು? ಶಾಲೆಯ ಹಿಂದಿನ ಒಂದು ದಾಸವಾಳ ಮೂರು ವರ್ಷದಿಂದ ಬೂದಿ ಹೂವನ್ನೇ ಬಿಡುತ್ತಿದೆ. ಯಾವ ಮಗು ಮರೆತು ಮಲಗಿತೋ, ಗಿಡ ಹೇಳಿಲ್ಲ.

ನಾವೆಲ್ಲ ಇದಕ್ಕೆ ಹೊಂದಿಕೊಂಡು ಬದುಕುತ್ತೇವೆ. ಕಾಯಿಪಲ್ಲೆ ಮಾರುವ ನೀಲವ್ವನ ಬುಟ್ಟಿಯಲ್ಲಿ ಕೆಲವು ದಿನ ಬದನೆಕಾಯಿಗಳೆಲ್ಲ ಬೂದಿ ಬೂದಿಯಾಗಿರುತ್ತವೆ. "ಬಣ್ಣ ಲಗ್ನದ ಮನೀಗೆ ಹೋಗೈತ್ರಿ, ಸಂಜೀಕ ಬರ್ತೈತಿ. ರುಚಿ ಏನ್ ಅದರ ಕೂಡ ಹೋಗಿಲ್ಲ, ತಗೋರಿ!" ಎಂದು ಕೂಗುತ್ತ ಮಾರುತ್ತಾಳೆ. ಬೂದಿ ಹುಂಜವೊಂದು ಬೇಲಿಯ ಮೇಲೆ ಮುಖ ಸಿಂಡರಿಸಿ ಕೂತಿದ್ದರೆ ಯಾವುದೋ ಮನೆಯಲ್ಲಿ ಮಗುವಿನ ಹುಟ್ಟುಹಬ್ಬವೆಂದು ತಿಳಿದು, ದಾರಿಹೋಕರು ಅದಕ್ಕೆ ನಾಲ್ಕು ಕಾಳು ಹೆಚ್ಚಿಗೆ ಹಾಕಿ ಹೋಗುತ್ತಾರೆ.

ಪಂಚಮಿಗೆ ಇನ್ನೂ ನಲವತ್ತು ದಿನವಿತ್ತು. ಮಳೆ ನಿಂತ ಕೂಡಲೇ ಸಾವಂತ್ರೆವ್ವನ ಮನೆಗೆ ಹೋದೆ. ನನಗಿಂತ ಹದಿನೈದು ವರ್ಷ ದೊಡ್ಡವಳು, ನನ್ನ ಮುಖದ ಮೇಲೂ ಚಿಕ್ಕಂದಿನಲ್ಲಿ ಹುಲಿ ಬರೆದವಳು. ಅವಲಕ್ಕಿ ಕೇರುತ್ತಿದ್ದಳು. ಮೊರ ಅಲುಗುತ್ತಿತ್ತು, ಅದರ ಜೊತೆಗೆ ಕೈಯೂ ತನ್ನಷ್ಟಕ್ಕೆ ಅಲುಗುತ್ತಿತ್ತು.

"ಯಕ್ಕಾ, ಮುಖ ಬರಿಯೋದು ಕಲಸು" ಎಂದೆ.

ಅವಳು ಮೊರ ಕೆಳಗಿಟ್ಟಳು. "ಯಾಕೋ ಮೌನ್ಯಾ, ಕಿವಿ ಮುಗದು ಮುಖಕ್ಕ ಬಂದಿ?"

ನಾನು ತಲೆ ತಗ್ಗಿಸಿದೆ. ಇದ್ದದ್ದನ್ನು ಹೇಳಿದೆ. "ನಮ್ಮ ಮಾಣಿಕ ನನ್ನ ಮುಂದ ಒಂದ್ ಸಲ ಕುಂದ್ರಬೇಕು ಯಕ್ಕಾ. ಅಷ್ಟ ಆಸೆ. ಮತ್ತೇನಿಲ್ಲ."

ಸಾವಂತ್ರೆವ್ವ ಕೈ ಒರೆಸಿಕೊಂಡು ಎದ್ದಳು. ಆಮೇಲೆ ಅಳಿಲಿನ ಕೂದಲು ಕಟ್ಟಿದ ಕುಂಚವೊಂದನ್ನು ಗೋಡೆಯ ಗೂಡಿನಿಂದ ತೆಗೆದು ನನ್ನ ಕೈಗಿಟ್ಟಳು. "ಧೋತರ ಮ್ಯಾಲೆತ್ತು. ಮೊಣಕಾಲ ತೋರ್ಸು."

ಕಲಿಯುವವನು ಮೊದಲು ತನ್ನ ಮೊಣಕಾಲಿನ ಮೇಲೆ ಬರೆಯಬೇಕಂತೆ. ಮಡಿಸಿದ ಮೊಣಕಾಲು ಮಗುವಿನ ಕೆನ್ನೆಯಷ್ಟೇ ದುಂಡಗೆ ಇರುತ್ತದೆ. "ಮೊಣಕಾಲಿಗೆ ಒಂದ ದೋಷ. ಅಳಂಗಿಲ್ಲ, ನಗಂಗಿಲ್ಲ, ಉಚ್ಚಿ ಬಂತು ಅಂತ ಏಳಂಗಿಲ್ಲ" ಎಂದಳು ಸಾವಂತ್ರೆವ್ವ. "ಮೊದಲ ಬಣ್ಣ ತಗೊಂಬಾ. ಹಸಿರು."

ಊರ ಮುಂದಿನ ಹುಣಸೆಮರಕ್ಕೆ ಹೋದೆ. ಒಂದು ಗಿಳಿ ಕೆಳಗಿನ ಕೊಂಬೆಯಲ್ಲಿತ್ತು. ಬಟ್ಟಲು ಹಿಡಿದೆ, ತಲೆ ಬಾಗಿಸಿದೆ. ಅಕ್ಕಸಾಲಿಗನ ಬಾಯಿ ನೋಡಿ, ಅಳತೆ ಹೇಳದೆ ಏನನ್ನೂ ಕೇಳಿ ಗೊತ್ತಿಲ್ಲ. "ತಾಯಿ, ಒಂದು ತೊಲ ಹಸಿರು ಕೊಡು" ಎಂದುಬಿಟ್ಟೆ.

ಗಿಳಿ ನನ್ನನ್ನು ನೋಡಿತು. ಮೇಲಿನ ಗಿಳಿಗಳನ್ನು ನೋಡಿತು. ಬಟ್ಟಲು ತುಂಬಿ ತುಳುಕುವಷ್ಟು ಹಸಿರಾಯಿತು. ತಲೆ ಎತ್ತಿದರೆ ಇಡೀ ಮರದ ಗಿಳಿಗಳೆಲ್ಲ ಬೂದಿ! ನೂರಾರು ಗಿಳಿಗಳು ಮೈಗೆಲ್ಲ ವಿಭೂತಿ ಬಳಿದುಕೊಂಡ ಸ್ವಾಮಿಗಳಂತೆ ಸಾಲಾಗಿ ಕೂತು ನನ್ನನ್ನೇ ದಿಟ್ಟಿಸುತ್ತಿದ್ದವು. ಅರ್ಧ ಗಳಿಗೆಯಲ್ಲಿ ಊರು ನೆರೆಯಿತು. "ಯಾರದಪ್ಪಾ ಇಷ್ಟ್ ದೊಡ್ಡ ಲಗ್ನ?" ಎಂದು ಒಬ್ಬ ಕೇಳಿದ. "ಲಗ್ನಲ್ಲ, ಮೌನಪ್ಪನ ಮೊಣಕಾಲಂತ" ಎಂದಳು ನೀಲವ್ವ.

ಸಾವಂತ್ರೆವ್ವ ಹಣೆ ಚಚ್ಚಿಕೊಂಡಳು. "ಒಂದು ಮುಖಕ್ಕ ಗುಲಗಂಜಿ ತೂಕ ಸಾಕೋ! ತೊಲ ಅಂದ್ರ ಊರಿಗೆಲ್ಲಾ ಬರೀಬಹುದು. ಕೇಳಾಕ ಬಾಯಿ ಐತಿ ಅಂತ ಕೇಳೋದೇನು?"

ಸಂಜೆಯಾದ ಮೇಲೆ ನಾನು ಮರದ ಕೆಳಗೆ ನಿಂತು, ಧೋತರ ಎತ್ತಿಕಟ್ಟಿ, ಊರವರ ಮುಂದೆ ಮೊಣಕಾಲು ತೊಳೆದೆ. ಗಿಳಿಗಳು ಒಂದೊಂದಾಗಿ ಕೆಳಗಿಳಿದು ನನ್ನ ಒದ್ದೆ ಬೆರಳಿಗೆ ರೆಕ್ಕೆ ತಾಗಿಸಿಕೊಂಡು ಹಸಿರಾಗಿ ಹಾರಿದವು. ಕೊನೆಯದು ಹೋಗುವಾಗ ಹೆಬ್ಬೆರಳು ಕಚ್ಚಿ ಹೋಯಿತು. ಅದು ನ್ಯಾಯವೇ. ಮನೆಗೆ ಬಂದು ಕಾಳಮ್ಮನ ಪಟದ ಮುಂದೆ ಕೂತಾಗ ಅನಿಸಿತು, ಈ ಅರವತ್ತೆರಡು ವರ್ಷದಲ್ಲಿ ದೇವರ ಹತ್ತಿರವೂ ನಾನು ತೊಲದ ಲೆಕ್ಕದಲ್ಲೇ ಕೇಳುತ್ತ ಬಂದಿದ್ದೇನೆ. ಗುಲಗಂಜಿ ಸಾಕಾಗಿತ್ತು.

ಆಮೇಲೆ ದಿನವೂ ಕಲಿತೆ. ಚುಕ್ಕೆ ಇಡುವುದೇ ಐದು ದಿನ. ನನ್ನ ಕೈ ಬೆಳ್ಳಿಯ ಮೇಲೆ ಓಡಿದ ಕೈ, ಕುಂಚವನ್ನೂ ಉಳಿಯಂತೆ ಹಿಡಿದು ಒತ್ತುತ್ತಿತ್ತು. "ಬರಿ ಅಂದ್ರ ಕೊರೀತಿಯಲ್ಲೋ! ಮುಖ ಏನು ತಗಡೇನು?" ಎಂದು ಸಾವಂತ್ರೆವ್ವ ಬೈಯುತ್ತಿದ್ದಳು. ಕುಂಚದ ತುದಿ ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಇರಬೇಕು, ಇರುವೆ ಎಲೆಯ ಮೇಲೆ ನಡೆದ ಹಾಗೆ. ಮೊದಲು ಹತ್ತಿಯ ಉಂಡೆಯಿಂದ ತಿಳಿಬಣ್ಣ ಒತ್ತಿ, ಅದು ಆರಿದ ಮೇಲೆ ಗಾಢಬಣ್ಣ. ಕಣ್ಣಿನ ಹತ್ತಿರ ಹೋಗಕೂಡದು, ತುಟಿಗೆ ತಾಗಿಸಕೂಡದು. ಮೊದಲಿಗೆ ಮಗುವಿನ ಮುಂಗೈಗೆ ಒಂದು ಚುಕ್ಕೆ ಇಟ್ಟು, ತುರಿಕೆ ಬರುತ್ತದೆಯೋ ಎಂದು ಕಾಯಬೇಕು. ಬೆಕ್ಕಿನ ಮೀಸೆಯನ್ನು ಮೂಗಿನ ಬದಿಯಿಂದ ಹೊರಕ್ಕೆ, ಉಸಿರು ಬಿಡುತ್ತ, ಒಂದೇ ಎಳೆತಕ್ಕೆ ಎಳೆಯಬೇಕು. ನಡುವೆ ನಿಂತರೆ ಅದು ಮೀಸೆಯಲ್ಲ, ಬೇಲಿ. ಮಗು ಅಲುಗಿದರೆ ಬೈಯದೆ ಕುಂಚವನ್ನೇ ಎತ್ತಿ ಕಾಯಬೇಕು. "ಮಗು ಒಂದು ಸಣ್ಣ ಕಥಿ ಕೇಳೋ ತನಕ ಅಷ್ಟ ಕುಂದರ್ತೈತಿ. ನಿನ್ನ ಚಿತ್ರ ಕಥೀಕಿಂತ ದೊಡ್ಡದಾಗಬಾರ್ದು" ಎನ್ನುತ್ತಿದ್ದಳು. ತಪ್ಪಿದರೆ ಏನು ಮಾಡಲಿ ಎಂದು ಕೇಳಿದೆ. "ತಪ್ಪಿದಲ್ಲಿ ಒಂದು ಚುಕ್ಕಿ ಇಡು, ಆ ಕಡೀಗೂ ಒಂದ್ ಇಡು. ಮೊದಲ ಹಂಗ ಬರೀಬೇಕಂತ ಇತ್ತು ಅನಿಸ್ತೈತಿ." ಈ ಮಾತನ್ನು ನಾನು ಎಷ್ಟೋ ಸಲ ಗುಡಿಯಲ್ಲಿ ಕೂತು ನೆನೆಸಿಕೊಂಡಿದ್ದೇನೆ.

ಮೊಣಕಾಲು ಮುಗಿದು ಮಗು ಬೇಕಾಯಿತು. ಯಾವ ಮಗು ಬಂದೀತು? ನೀಲವ್ವನ ಮಗ ಗುರಪ್ಪನೊಬ್ಬ ಸಿಕ್ಕ. ಮೂರು ವರ್ಷದ ಆ ಪೋರನಿಗೆ ಸೌತೆಕಾಯಿ ಕೊಟ್ಟರೆ ಹಾವಿನ ಹುತ್ತದ ಮೇಲೂ ಕೂರುತ್ತಾನೆ. ಕಾಗೆಯ ಹತ್ತಿರ ಗುಲಗಂಜಿ ತೂಕದ ಕಪ್ಪು ಕೇಳಿ ತಂದು, ಬೆವರುತ್ತ, ಅವನ ಮುಖಕ್ಕೆ ಬೆಕ್ಕು ಬರೆದೆ. ಒಂದು ಮೀಸೆ ಮೇಲೆ ಹೋಯಿತು, ಕಿವಿ ಕೊಂಬಾಯಿತು. ಗುರಪ್ಪ ಸೌತೆಕಾಯಿ ಮುಗಿಸಿ, ಹರಿವಾಣದ ನೀರಿನಲ್ಲಿ ಬಗ್ಗಿ ನೋಡಿಕೊಂಡ.

"ಎಮ್ಮಿ" ಎಂದ.

"ಬೆಕ್ಕಪಾ ಅದು" ಎಂದೆ.

"ಎಮ್ಮಿ!" ಎಂದು ಗದರಿ, ಹಿಗ್ಗಿನಿಂದ ಓಣಿಯ ಉದ್ದಕ್ಕೂ ಅಂಬಾ ಎನ್ನುತ್ತ ಓಡಿದ. ನಾನು ಸಪ್ಪಗಾದೆ. ಸಾವಂತ್ರೆವ್ವ ನಕ್ಕು ನಕ್ಕು ಕೆಮ್ಮಿದಳು. "ಮಗು ಎಮ್ಮಿ ಅಂದ್ರ ಎಮ್ಮಿ. ಮುಖ ಅವನ್ದು. ನಿಂದೇನು ನಡುವ?"

ಗುರಪ್ಪ ಮರುದಿನವೂ ಬಂದ. ಅವನ ಹಿಂದೆ ಇನ್ನೆರಡು ಮಕ್ಕಳು ಬಂದು ಬಾಗಿಲಾಚೆ ನಿಂತು ನೋಡಿದವು. ಆದರೆ ಮಾಣಿಕ ಬರಲಿಲ್ಲ. ಮನೆಯಲ್ಲಿ ನಾನು ಮೊಣಕಾಲಿನ ಮೇಲೆ ಚಿಟ್ಟೆ ಬರೆಯುತ್ತ ಕೂತರೆ, ವಾಡೆಯ ಹಿಂದಿನಿಂದ ಒಂದು ಕಣ್ಣು ಕಾಣುತ್ತಿತ್ತು. ನಾನು ತಲೆ ಎತ್ತಿದರೆ ಆ ಕಣ್ಣೂ ಇಲ್ಲ.

ಪಂಚಮಿ ಬಂತು. ಅಂದು ಏಳರೊಳಗಿನ ಮಕ್ಕಳೆಲ್ಲ ಮುಖ ಬರೆಸಿಕೊಂಡು ಮನೆಮನೆಗೆ ಹೋಗುತ್ತಾರೆ, ಮನೆಯವರು ಅರಳಿನ ಉಂಡಿ ಕೊಡುತ್ತಾರೆ. ಬೆಳಗಾಗುವ ಮೊದಲೇ ನಾನೂ ಸಾವಂತ್ರೆವ್ವನೂ ಬಟ್ಟಲು ಹಿಡಿದು ಗಿಡ, ಹಕ್ಕಿ, ಹುಳಗಳ ಮುಂದೆ ತಲೆಬಾಗಿ ಬಂದೆವು. ಊರು ಅರ್ಧ ಬೂದಿಯಾಗಿತ್ತು, ಆದರೂ ಆ ದಿನದ ಬೂದಿಯನ್ನು ನೋಡಿದರೆ ಮನಸ್ಸಿಗೆ ಒಂದು ಬಗೆಯ ಸಡಗರ. ಬೇಲಿಯಲ್ಲಿ ಬೂದಿ ಹೂವು, ಬೂದಿ ಚಿಟ್ಟೆ, ಗುಡಿಯ ಗೋಡೆಯ ಮೇಲೆ ಬೂದಿ ನವಿಲು. ಎಲ್ಲರೂ ಕೊಟ್ಟು ಕೂತವರು.

ಗುಡಿಯ ಮುಂದೆ ಎರಡು ಮಣೆ ಹಾಕಿದ್ದರು. ಒಂದರ ಮುಂದೆ ಸಾವಂತ್ರೆವ್ವ, ನಡುಗುವ ಬಲಗೈಗೆ ಎಡಗೈ ಆನಿಸಿಕೊಂಡು. ಇನ್ನೊಂದರ ಮುಂದೆ ನಾನು. ಅವಳ ಮುಂದೆ ನಲವತ್ತು ಮಕ್ಕಳ ಸಾಲು. ನನ್ನ ಮುಂದೆ ಮಣೆ ಮಾತ್ರ. ಗುರಪ್ಪ ಸಾಲು ಮುರಿದು ಬಂದು ಧೊಪ್ಪೆಂದು ಕೂತು, "ನಂಗ ಎಮ್ಮಿ!" ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಅವನಿಗೆ ಈ ಸಲ ನೀಲವ್ವನ ಎಮ್ಮೆಯಿಂದ ಕೇಳಿ ತಂದ ಕಪ್ಪಿನಲ್ಲಿ ಎಮ್ಮೆಯನ್ನೇ ಬರೆದೆ. ಅವನು ಎದ್ದ ಮೇಲೆ ಅವನ ಓಣಿಯ ಹುಡುಗಿ ಬಂದಳು, ಒಂದು ಕಿವಿ ಮಾತ್ರ ಮುಚ್ಚಿಕೊಂಡು. ಅವಳ ಕೆನ್ನೆಗೆ ಒಂದು ಸೇವಂತಿಗೆ. ಆಮೇಲೆ ಇನ್ನೊಬ್ಬ. ಹೀಗೆ ಏಳೆಂಟು ಮಕ್ಕಳು ಬಂದವು. ನನ್ನ ಕಣ್ಣು ಮಾತ್ರ ಆ ಸಾಲಿನ ಕೊನೆಯಲ್ಲೇ ಇತ್ತು. ಅಲ್ಲಿ ರುಕ್ಕವ್ವನ ಸೆರಗು ಹಿಡಿದು, ನನಗೆ ಬೆನ್ನು ತಿರುಗಿಸಿ ಮಾಣಿಕ ನಿಂತಿದ್ದಳು.

ಸಾಲು ಕರಗಿತು. ಮಾಣಿಕ ಸಾವಂತ್ರೆವ್ವನ ಮುಂದಿನ ಮಣೆಯ ಮೇಲೆ ಕೂತಳು. ನನ್ನಿಂದ ನಾಲ್ಕು ಮಾರು ದೂರ.

"ಏನ್ ಬೇಕವ್ವಾ ನಮ್ಮ ಮಾಣಿಕಕ್ಕ? ಚಿಟ್ಟಿ ಬರೀಲೇನು?"

ಮಾಣಿಕ ತಲೆ ಅಲ್ಲಾಡಿಸಿದಳು.

"ನವಿಲು? ಹುಲಿ?"

"ಹುಲಿಕಿಂತ ಹೆದರಿಕಿ ಬರೋದು ಬೇಕು. ಎಲ್ಲಾರೂ ಓಡಬೇಕು."

"ಹುಲಿಕಿಂತ ಹೆದರಿಕಿ ಬರೋದು ಯಾವುದವ್ವಾ ನಮ್ಮೂರಾಗ?"

ಮಾಣಿಕ ಹಿಂದೆ ತಿರುಗಲಿಲ್ಲ. ಕೈಯನ್ನಷ್ಟೇ ಹಿಂದಕ್ಕೆ ಚಾಚಿ, ಬೆರಳನ್ನು ಸರಿಯಾಗಿ ನನ್ನ ಕಡೆ ಮಾಡಿದಳು. "ಅಜ್ಜ."

ಗುಡಿಯ ಮುಂದೆ ನೆರೆದವರೆಲ್ಲ ಘೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗುವಾಗ ಎದೆಯಲ್ಲಿ ಏನೋ ಮುರಿದ ಹಾಗೂ ಆಯಿತು, ಕೂಡಿದ ಹಾಗೂ ಆಯಿತು.

ಸಾವಂತ್ರೆವ್ವ ನಗಲಿಲ್ಲ. ಕುಂಚವನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟಳು. "ಅಜ್ಜನ್ನ ನಾ ಬರೀಲಾರೆ ಕೂಸಾ. ಆ ಬಣ್ಣ ಅಜ್ಜನ ಹತ್ರಾನ ಐತಿ. ಬೇಕಂದ್ರ ಅವನ ಮುಂದ ಹೋಗಿ ಕುಂದ್ರು. ಬ್ಯಾಡಂದ್ರ ಹೇಳು, ಹುಲಿ ಬರೀತೀನಿ."

ಮಾಣಿಕ ಮುಖ ಬರೆಸಿಕೊಂಡವರ ಕಡೆ ನೋಡಿದಳು. ಹುಲಿ ಅವಳ ಓಣಿಯಲ್ಲಿ ಆಗಲೇ ಮೂರಿದ್ದವು. ಎದ್ದಳು. ಒಂದು ಮಾರು ಬಂದು ನಿಂತಳು.

"ಸೂಜಿ ಐತೇನು?"

ನಾನು ಎರಡೂ ಅಂಗೈ ಚಾಚಿ ತೋರಿಸಿದೆ. "ಇಲ್ಲವ್ವಾ."

"ಬಗಲಾಗ?"

ಎರಡೂ ತೋಳು ಎತ್ತಿದೆ.

ಇನ್ನೊಂದು ಮಾರು ಬಂದಳು. "ಬಾಯಾಗ?"

ಬಾಯಿ ಅಗಲ ತೆರೆದೆ. ಅವಳು ಬಗ್ಗಿ, ನನ್ನ ಉಳಿದ ಹಲ್ಲುಗಳನ್ನೆಲ್ಲ ಒಂದೊಂದಾಗಿ ನೋಡಿದಳು. "ಮೌನಪ್ಪಾ, ಧೋತರಾನೂ ಝಾಡಿಸಿ ತೋರ್ಸಪೋ!" ಎಂದು ನೀಲವ್ವ ಹಿಂದಿನಿಂದ ಕೂಗಿದಳು. ಮಾಣಿಕ ನಗಲಿಲ್ಲ. ಅವಳ ಪಾಲಿಗೆ ಇದು ನಗುವ ಕೆಲಸವಲ್ಲ. ಬಂದಳು, ಮಣೆಯ ಮೇಲೆ ಕೂತಳು. ಎರಡೂ ಕೈ ಕಿವಿಯ ಮೇಲೆ ಗಟ್ಟಿಯಾಗಿದ್ದವು.

ಬಟ್ಟಲಿನಲ್ಲಿ ಹೊಸ ನೀರು ತುಂಬಿ ನನ್ನ ಮುಂದೆ ಹಿಡಿದುಕೊಂಡೆ. ಗಿಳಿಗೆ, ಹೂವಿಗೆ ತಲೆಬಾಗಿದವನು ಈಗ ಯಾರಿಗೆ ಬಾಗಲಿ? ನೀರಿನಲ್ಲಿ ನನ್ನದೇ ಮುಖ ಕಂಡಿತು. ಬಿಳಿ ಮೀಸೆ, ಬಿಳಿ ಹುಬ್ಬು. ಈ ಬಿಳಿಯೂ ನಾನು ಮಾಡಿಕೊಂಡದ್ದಲ್ಲ, ತಾಯಿ ಒಂದೊಂದೇ ಕೂದಲಿಗೆ ಕೊಡುತ್ತ ಬಂದದ್ದು. ಆ ಮುಖಕ್ಕೇ ಕೈಮುಗಿದು, "ಒಂದು ಗುಲಗಂಜಿ ತೂಕ ಬಿಳಿ ಕೊಡಪಾ" ಎಂದೆ. ನೀರು ಹಾಲಿನಂತೆ ಬೆಳ್ಳಗಾಯಿತು. ಸುತ್ತಲಿದ್ದವರು "ಆಹಾ" ಎಂದರು. ನನ್ನ ಮೀಸೆ, ಹುಬ್ಬು ಬೂದಿಯಾಗಿದ್ದವು.

ಕುಂಚ ಅದ್ದಿದೆ. ಮೊದಲು ಹುಬ್ಬು ಬರೆದೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿದ್ದಳು, ಉಸಿರೂ ಬಿಗಿ. ಹಣೆಯ ಮೇಲೆ ನನ್ನ ನೆರಿಗೆಗಳನ್ನು ಬರೆದೆ, ಮೂರು ಗೆರೆ. ಆಮೇಲೆ ಮೀಸೆ. ಮೂಗಿನ ಕೆಳಗೆ ಕುಂಚ ತಾಗಿದ್ದೇ ತಡ, ಅವಳ ತುಟಿ ಅಲುಗಿತು. ಕುಂಚ ಎತ್ತಿ ಕಾದೆ. ಮತ್ತೆ ತಾಗಿಸಿದೆ. ಈ ಸಲ ಕಿಸಕ್ಕನೆ ನಗು ಬಂದುಬಿಟ್ಟಿತು. ಕಚಗುಳಿ ತಾಳಲಾರದೆ ಎರಡೂ ಕೈ ಕಿವಿ ಬಿಟ್ಟು ಮೂಗಿಗೆ ಬಂದವು. ಮೂಗು ಉಜ್ಜಿಕೊಂಡಳು, ಒಂದು ಕಡೆಯ ಮೀಸೆ ಕೆನ್ನೆಗೆ ಹತ್ತಿತು.

"ಕೆಡ್ತೇನಜ್ಜಾ?" ಎಂದಳು.

ಒಂದೂವರೆ ವರ್ಷದ ಮೇಲೆ ಅವಳು ನನ್ನನ್ನು ಕರೆದದ್ದು. ಕೆಟ್ಟಲ್ಲಿ ಒಂದು ಚುಕ್ಕೆ ಇಟ್ಟೆ, ಆ ಕೆನ್ನೆಗೂ ಒಂದು ಇಟ್ಟೆ. ಅವಳ ಕೈಗಳು ತೊಡೆಯ ಮೇಲೆ ಬಂದು ಕೂತಿದ್ದವು. ಕಿವಿಯ ಬಂಗಾರದ ಮುರವುಗಳು ಬಿಸಿಲಿಗೆ ಮಿನುಗುತ್ತಿದ್ದವು. ಮೀಸೆಯ ತುದಿಯನ್ನು ಉಸಿರು ಬಿಡುತ್ತ, ಮೇಲಕ್ಕೆ ಒಂದು ತಿರುವು ಕೊಟ್ಟು ಮುಗಿಸಿದೆ. ಹಣೆಗೆ ಗುಡಿಯ ಕುಂಕುಮವನ್ನು ನಾನೇ ಇಟ್ಟೆ. ಹರಿವಾಣದಲ್ಲಿ ನೋಡಿಕೊಂಡು, ಒಮ್ಮೆ ನನ್ನನ್ನು ನೋಡಿ, ಮತ್ತೆ ನೋಡಿಕೊಂಡಳು. ಮುಖದಲ್ಲಿ ದೊಡ್ಡ ತೃಪ್ತಿ.

ಆಮೇಲಿನದನ್ನು ನೋಡಬೇಕಿತ್ತು ನೀವು. ಕೈಗಳನ್ನು ಹಿಂದೆ ಕಟ್ಟಿಕೊಂಡು, ಹೊಟ್ಟೆ ಮುಂದೆ ಮಾಡಿ, ಥೇಟ್ ನನ್ನಂತೆಯೇ ಸ್ವಲ್ಪ ಎಡಕ್ಕೆ ವಾಲಿ ಅವಳು ಓಣಿಗೆ ಇಳಿದಳು. ಮೂರು ಹುಲಿಗಳು ಕಿವಿ ಮುಚ್ಚಿಕೊಂಡು ಕಿರುಚುತ್ತ ಓಡಿದವು. ಚಿಟ್ಟೆಗಳು ಓಡಿದವು, ನವಿಲು ಜಾರಿಬಿದ್ದು ನಗುತ್ತ ಎದ್ದು ಓಡಿತು. ಓಡಿದವರೇ ಮತ್ತೆ ಹಿಡಿಸಿಕೊಳ್ಳಲೆಂದು ತಿರುಗಿ ಬಂದರು. ಕೊನೆಗೆ ಎಮ್ಮೆ ಸಿಕ್ಕಿಬಿತ್ತು. ಮಾಣಿಕ ಗುರಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ಗರಿಕೆಯ ಕಡ್ಡಿಯಿಂದ ಅವನ ಕಿವಿ ಚುಚ್ಚಿದಳು. ಚುಚ್ಚುವ ಮೊದಲು ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿಕ್ಕಿದಳು. ಗಾಳಿ ಊದಿದಳು. "ನೋಡಪಾ, ಗುಡಿ ಮ್ಯಾಲ ಪಾರಿವಾಳ ಎಷ್ಟದಾವ, ಎಣಿಸು" ಎಂದಳು. ಅವನು ಎಣಿಸುವಾಗ ಕಡ್ಡಿ ತಾಗಿಸಿ, "ಆತು, ಆತು, ನನ್ನ ಬಂಗಾರ. ನೋವು ನನಗ ಕೊಡು, ಬೆಲ್ಲ ನೀ ತಗೋ" ಎಂದಳು.

ಅದು ನನ್ನ ಮಾತು. ನಲವತ್ತು ವರ್ಷದಿಂದ ಪ್ರತಿ ಮಗುವಿಗೂ ಹೇಳುತ್ತ ಬಂದ ಮಾತು. ಅಳುವಿನ ಅಬ್ಬರದಲ್ಲಿ ಯಾರೂ ಅದನ್ನು ಕೇಳಿರಲಾರರೆಂದು ನಾನು ತಿಳಿದಿದ್ದೆ. ಹೇಳುವುದು ನನ್ನ ಸಮಾಧಾನಕ್ಕೆ ಎಂದುಕೊಂಡಿದ್ದೆ. ಅವಳು ಸೂಜಿಯನ್ನು ನೆನಪಿನಲ್ಲಿ ಇಟ್ಟುಕೊಂಡಂತೆ ಆ ಮಾತನ್ನೂ ಇಟ್ಟುಕೊಂಡಿದ್ದಳು. ಹೆದರಿಕೆ ಮುಂದೆ ನಿಂತಿತ್ತು, ಮಾತು ಅದರ ಹಿಂದೆ ಕೂತು ಕಾದಿತ್ತು. ಸಾವಂತ್ರೆವ್ವ ನನ್ನ ಕಡೆ ನೋಡದೆ ಅಂದಳು, "ಮೌನ್ಯಾ, ಬೂದಿ ಮೀಸಿ ಮ್ಯಾಲ ನೀರ್ ಬಿದ್ರ ಕಲೆ ಆಗ್ತೈತಿ. ಕಣ್ಣ ಒರಸ್ಕೋ."

ಹೊತ್ತು ಇಳಿಯಿತು. ಮಕ್ಕಳು ಒಬ್ಬೊಬ್ಬರಾಗಿ ಮುಖ ತೊಳೆದು, ಬಟ್ಟಲು ಹಿಡಿದು ಹೊರಟವು. ಹುಣಸೆಮರ ಹಸಿರಾಯಿತು, ಬೇಲಿ ಕೆಂಪಾಯಿತು. ಚಿಟ್ಟೆಗಳು ಬಟ್ಟಲಿನ ಅಂಚಿಗೆ ತಾವೇ ಬಂದು ಕೂತು ತಮ್ಮದನ್ನು ತೆಗೆದುಕೊಂಡವು. ಗುರಪ್ಪ ನೀಲವ್ವನ ಎಮ್ಮೆಯ ಹಣೆಗೆ ಕೈ ಒರೆಸಿ, ಅದರ ಮೇಲೆಯೇ ತಲೆಯಿಟ್ಟು ನಿದ್ದೆ ಹೋದನಂತೆ. ನಾನು ಮನೆಗೆ ಬಂದು ಕಟ್ಟೆಯ ಮೇಲೆ ಕೂತೆ. ನನ್ನ ಮೀಸೆ ಇನ್ನೂ ಬೂದಿ.

ಒಳಗೆ ನೀರಿನ ಸದ್ದು ಕೇಳಿತು. ಮುಖ ತೊಳೆದಾಯಿತು. "ಹೋಗಿ ಕೊಟ್ಟು ಬಾರವ್ವ" ಎಂದಳು ರುಕ್ಕವ್ವ. ಬಟ್ಟಲು ಕೆಳಗಿಟ್ಟ ಸದ್ದಾಯಿತು. "ನಾ ಬರಾಂಗಿಲ್ಲ. ನೀನ ಹೋಗಬೇಕು." ಇದೂ ರುಕ್ಕವ್ವನ ದನಿಯೇ. ಮಾಣಿಕಳ ಮನಸ್ಸು ನನಗೆ ಅರ್ಥವಾಯಿತು. ಬರೆದ ಮುಖ ಹಾಕಿಕೊಂಡಾಗ ಅವಳು ಯಾರಿಗೂ ಹೆದರಬೇಕಿರಲಿಲ್ಲ. ಈಗ ಅದು ಬಟ್ಟಲಿನಲ್ಲಿದೆ, ಅವಳು ಬರೀ ಮಾಣಿಕ. ಕೂಗಿ ಕರೆಯಲೇ ಎನಿಸಿತು. ಹೂವು ಕರೆಯುವುದಿಲ್ಲ, ಗಿಳಿ ಕರೆಯುವುದಿಲ್ಲ. ಬಾರದಿದ್ದರೆ ಬೂದಿ ಮೀಸೆಯಲ್ಲೇ ಉಳಿದ ಕಾಲ ಕಳೆದರಾಯಿತು ಎಂದುಕೊಂಡು, ತುಟಿಯೊಳಗೇ ತಾಯಿಯ ನಾಮ ಹೇಳುತ್ತ ಕೂತೆ. ರುಕ್ಕವ್ವ ದೀಪ ಹಚ್ಚಿದಳು. ದೇವರ ಮನೆಯ ಬೆಳಕು ಹೊಸ್ತಿಲ ತನಕ ಬಂತು.

ಆ ಬೆಳಕಿನಲ್ಲಿ ಒಂದು ನೆರಳು ಅಲುಗಿತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಅವಳು ಬಂದಳು. ಮುಖದಲ್ಲಿ ಏನೂ ಇರಲಿಲ್ಲ. ಒದ್ದೆ ಕೂದಲು ಹಣೆಗೆ ಅಂಟಿತ್ತು. ಬಟ್ಟಲನ್ನು ನನ್ನ ಪಕ್ಕದಲ್ಲಿಟ್ಟು, ಕಟ್ಟೆ ಹತ್ತಲು ನನ್ನ ಮೊಣಕಾಲನ್ನೇ ಹಿಡಿದುಕೊಂಡಳು. ಎದುರಿಗೆ ನಿಂತಳು. ನಾನು ಅಲುಗಲಿಲ್ಲ.

"ಕಣ್ಣ ಮುಚ್ಚಜ್ಜಾ" ಎಂದಳು.

ಮುಚ್ಚಿದೆ. ಸಣ್ಣ ತಣ್ಣನೆಯ ಬೆರಳುಗಳು ಒಂದು ಹುಬ್ಬಿನ ಮೇಲೆ ನಡೆದವು, ಇನ್ನೊಂದು ಹುಬ್ಬಿನ ಮೇಲೆ ನಡೆದವು, ಮೀಸೆಗೆ ಇಳಿದವು. ಅವಳ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು, ಅರಳಿನ ಉಂಡಿಯ ವಾಸನೆ. ಅವಸರವಿರಲಿಲ್ಲ. ಮೀಸೆಯ ಎಡತುದಿಯಲ್ಲಿ ಇನ್ನೂ ಸ್ವಲ್ಪ ಬೂದಿ ಉಳಿದಿತ್ತೆಂದು ಕಾಣುತ್ತದೆ. ಮತ್ತೊಮ್ಮೆ ಬೆರಳು ಅದ್ದಿ, ಅಷ್ಟನ್ನೂ ಅಲ್ಲಿಗೆ ಹಚ್ಚಿಕೊಟ್ಟಳು.